ಹಿಂದಕ್ಕೆ ತೆಗೆದ ನಡೆ





*ಇಂದಿನ ಚಿಂತನೆ: ಯಂತ್ರದ ಮುಂದೆ ಮಾಡಿದ ಮೋಸ ಮೋಸವೇ?*

ಇವತ್ತು ಬರೆಯುವ ಸರದಿ ನನ್ನದು. ಯಾವುದಾದರೂ ಒಂದು ಸುತ್ತವನ್ನು ಆರಿಸಿಕೊಂಡು ವಿವರಿಸೋಣ ಎಂದುಕೊಂಡಿದ್ದೆ. ಆದರೆ ಕೆಲವು ದಿನಗಳಿಂದ ಒಂದು ಸಣ್ಣ ಸಂಗತಿ ನನ್ನನ್ನು ಬಿಡುತ್ತಿಲ್ಲ. ಮೊದಲು ಅದನ್ನು ಹೇಳಿ, ಆಮೇಲೆ ಸುತ್ತಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ.

ನಾನು ಕಲಿಸುವ ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ ಇದೆ. ಇರುವ ಯಂತ್ರಗಳು ಹತ್ತು, ನಡೆಯುವುದು ನಾಲ್ಕು. ಬಹಳ ಹಳೆಯವು, ಚಿತ್ರವಿರುವ ಆಟ ಹಾಕಿದರೆ ನಿಂತೇಬಿಡುತ್ತವೆ. ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ ಒಂದು ಭಾನುವಾರ ಬಂದು ಅವುಗಳಿಗೆ ಲಿನಕ್ಸ್ ಹಾಕಿಕೊಟ್ಟ. ಜೊತೆಗೆ ಗ್ನು ಚೆಸ್ ಎಂಬ ಚದುರಂಗದ ಪ್ರೋಗ್ರಾಂ ಕೂಡ ಹಾಕಿದ. 1984ರಿಂದ ಬೆಳೆದು ಬಂದಿರುವ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಪ್ರೋಗ್ರಾಂ ಅದು.

ಅದರಲ್ಲಿ ಬಣ್ಣದ ಹಲಗೆ ಇಲ್ಲ, ಕಾಯಿಗಳ ಚಿತ್ರವೂ ಇಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಎಂಟು ಸಾಲು, ಸಾಲಿಗೆ ಎಂಟು ಗುರುತು, ಅಷ್ಟೇ. ಬಿಳಿ ಕಾಯಿಗಳಿಗೆ ಇಂಗ್ಲಿಷಿನ ದೊಡ್ಡಕ್ಷರ, ಕಪ್ಪು ಕಾಯಿಗಳಿಗೆ ಸಣ್ಣಕ್ಷರ. ಖಾಲಿ ಮನೆ ಎಂದರೆ ಒಂದು ಚುಕ್ಕೆ. ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ಮುಂದೆ ನೂಕಬೇಕಾದರೆ 'ಇ2ಇ4' ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ಯಂತ್ರ ತನ್ನ ನಡೆಯನ್ನು ಬರೆದು ತೋರಿಸುತ್ತದೆ.

ಮಕ್ಕಳಿಗೆ ಎರಡು ದಿನ ಅದು ಅರ್ಥವಾಗಲಿಲ್ಲ. ಮೂರನೆಯ ದಿನ ಎಂಟನೆಯ ತರಗತಿಯ ಒಬ್ಬ ಹುಡುಗ ಕೇಳಿದ: "ಮೇಡಂ, ಕುದುರಿಗಿ ಎನ್ ಅಂತ ಯಾಕ ಬರ್ದಾರ್ರಿ? ನೈಟ್ ಅಂದ್ರ ಕೆ ಇಂದ ಸುರು ಆಗ್ತದಲ್ರಿ?" ರಾಜನಿಗೂ ಕೆ ಅಕ್ಷರವೇ, ಅದಕ್ಕೆ ಕುದುರೆಗೆ ಎರಡನೆಯ ಅಕ್ಷರ ಕೊಟ್ಟಿದ್ದಾರೆ ಎಂದೆ. "ರಾಜ ಮೊದಲೇ ಹಿಡ್ಕೊಂಡಾನ, ಕುದುರಿಗಿ ಉಳದದ್ದು ಕೊಟ್ಟಾರ ಅನ್ರಿ" ಎಂದು ನಕ್ಕ. ಅವನ ಹೆಸರು ಇಲ್ಲಿ ಬೇಡ. ತಂದೆ ತಾಯಿ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಇವನು ಊರಲ್ಲಿ ಅಜ್ಜಿಯ ಹತ್ತಿರ ಇದ್ದಾನೆ. ಅಂದಿನಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವನು ಆ ಯಂತ್ರದ ಮುಂದೆ ಕೂರತೊಡಗಿದ.

ಅಕ್ಷರಗಳಲ್ಲಿ ಚದುರಂಗ ಆಡುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ಅಲಂಕಾರಶಾಸ್ತ್ರ ಓದಿದವರಿಗೆ ತುರಗಬಂಧ ಗೊತ್ತಿರುತ್ತದೆ. ಪದ್ಯದ ಅಕ್ಷರಗಳನ್ನು ಚದುರಂಗದ ಮನೆಗಳಲ್ಲಿ ತುಂಬಿ, ಕುದುರೆಯ ನಡೆಯಲ್ಲಿ ಓದಿದರೂ ಪದ್ಯ ಬರುವಂತೆ ಕಟ್ಟುವ ಚಮತ್ಕಾರ ಅದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನೇ ತನ್ನ ಕಾವ್ಯಾಲಂಕಾರದಲ್ಲಿ ಅದಕ್ಕೆ ಉದಾಹರಣೆ ಕೊಟ್ಟಿದ್ದಾನೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಾಡಿಸುವ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ದೀಘನಿಕಾಯದ ಮೊದಲನೆಯ ಸುತ್ತ, ಬ್ರಹ್ಮಜಾಲ ಸುತ್ತ. ಭಿಕ್ಷುಗಳು ದೂರವಿರಬೇಕಾದ ಆಟಗಳ ಒಂದು ಪಟ್ಟಿ ಅದರಲ್ಲಿದೆ. ಎಂಟು ಮನೆಯ ಹಲಗೆಯ ಆಟ ಅಟ್ಠಪದ, ಹತ್ತು ಮನೆಯದು ದಸಪದ. ಚಿನ್ನಿದಾಂಡಿನಂಥ ಆಟವೂ ಇದೆ. ಅದೇ ಪಟ್ಟಿಯಲ್ಲಿ ಆಕಾಸ ಎಂಬ ಒಂದು ಹೆಸರು ಬರುತ್ತದೆ. ಎದುರಿಗೆ ಹಲಗೆಯೇ ಇಲ್ಲದೆ, ಆಕಾಶದಲ್ಲಿ ಹಲಗೆ ಇದೆ ಎಂದು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಆಡುವ ಆಟ ಅದು ಎಂದು ಅಟ್ಠಕಥೆ ವಿವರಿಸುತ್ತದೆ. ಇವು ಈಗಿನ ಚದುರಂಗವಲ್ಲ. ಚದುರಂಗ ಹುಟ್ಟಿದ್ದು ಬುದ್ಧರ ಕಾಲಕ್ಕಿಂತ ಬಹಳ ತಡವಾಗಿ, ಆದರೆ ಅದೇ ಎಂಟು ಮನೆಯ ಹಲಗೆಯ ಮೇಲೆ. ಕಪ್ಪು ಕಿಟಕಿಯಲ್ಲಿ ಚುಕ್ಕೆ ನೋಡಿ ಕುದುರೆಯನ್ನು ಕಲ್ಪಿಸಿಕೊಳ್ಳುವ ನಮ್ಮ ಹುಡುಗನನ್ನು ಕಂಡಾಗ ನನಗೆ ಈ ಆಕಾಸವೇ ನೆನಪಾಯಿತು.

ಅದೇ ಸುತ್ತದಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಆಟ ಬಿಟ್ಟದ್ದಕ್ಕಾಗಿ ಜನ ತಥಾಗತನನ್ನು ಹೊಗಳಿದರೆ ಅದು ಸಣ್ಣ ವಿಷಯಕ್ಕೆ ಹೊಗಳಿದಂತೆ ಎಂದು ಬುದ್ಧರೇ ಅಲ್ಲಿ ಹೇಳುತ್ತಾರೆ. ಅಂದರೆ ಗೃಹಸ್ಥರಾದ ನಾವು ಆಡಬೇಕೋ ಬೇಡವೋ ಎಂಬುದಲ್ಲ ಇಲ್ಲಿನ ದೊಡ್ಡ ಪ್ರಶ್ನೆ. ಆಡುವಾಗ ಮನಸ್ಸು ಏನು ಮಾಡುತ್ತದೆ ಎಂಬುದು ದೊಡ್ಡ ಪ್ರಶ್ನೆ.

*ನನ್ನ ಮನಸ್ಸು ಏನು ಮಾಡಿತು*

ಬಗದಲ್‌ನಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಮತ್ತು ಪಕ್ಕದ ಮನೆಯ ಚಾಚಾ ಬೇವಿನ ಗಿಡದ ಕಟ್ಟೆಯ ಮೇಲೆ ಶತರಂಜ್ ಆಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಆಡಲು ಯಾರೂ ಕರೆಯಲಿಲ್ಲ, ಹುಡುಗಿಯರ ಆಟ ಅಲ್ಲ ಅದು. ಆದರೆ ನೋಡಿ ನೋಡಿಯೇ ಕಲಿತೆ. ಅಪ್ಪ ಒಮ್ಮೆ ಒಂಟೆಯನ್ನು ಎತ್ತಿ ಮತ್ತೆ ಕೆಳಗಿಟ್ಟಾಗ ಚಾಚಾ ಬಿಡಲಿಲ್ಲ. "ಹಾತ್ ಲಗಾಯೇ ತೋ ಚಲನಾಚ್ ಪಡತಾ" ಎಂದರು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಅಂತಾರಾಷ್ಟ್ರೀಯ ಪಂದ್ಯಗಳಲ್ಲೂ ಇದೇ ನಿಯಮ ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ಹೀಗಾಗಿ ಮಕ್ಕಳ ಆಟ ನೋಡಿ ನನಗೂ ಆಸೆಯಾಯಿತು. ಮನೆಯ ಲ್ಯಾಪ್‌ಟಾಪಿಗೂ ಅದೇ ಆಟ ಹಾಕಿಸಿಕೊಂಡೆ. ಒಂದು ರಾತ್ರಿ ಊಟವಾದ ಮೇಲೆ ಕೂತೆ. ಹದಿನೈದು ನಡೆಗಳೊಳಗೆ ನನ್ನ ಮಂತ್ರಿ ಹೋಯಿತು. ಎರಡನೆಯ ಆಟದಲ್ಲೂ ಸೋತೆ, ಮೂರನೆಯದರಲ್ಲೂ ಸೋತೆ.

ಆ ಪ್ರೋಗ್ರಾಂನಲ್ಲಿ ಎರಡು ಆಜ್ಞೆಗಳಿವೆ. 'ಅನ್‌ಡೂ' ಎಂದು ಬರೆದರೆ ಒಂದು ನಡೆ ಹಿಂದಕ್ಕೆ ಹೋಗುತ್ತದೆ. 'ರಿಮೂವ್' ಎಂದು ಬರೆದರೆ ಎರಡು, ಅಂದರೆ ಯಂತ್ರದ ನಡೆಯೂ ನನ್ನ ನಡೆಯೂ ಎರಡೂ ಹೋಗುತ್ತವೆ. ತಪ್ಪು ಮಾಡುವ ಮೊದಲು ಎಲ್ಲಿದ್ದೆನೋ ಅಲ್ಲಿಗೇ ಬಂದು ನಿಲ್ಲುತ್ತೇನೆ. ನಾಲ್ಕನೆಯ ಆಟದಲ್ಲಿ ರಿಮೂವ್ ಬರೆದೆ. ಒಂದು ಸಲ ಬರೆದ ಮೇಲೆ ಎರಡನೆಯ ಸಲ ಕಷ್ಟವಾಗಲಿಲ್ಲ. ಒಟ್ಟು ಹನ್ನೊಂದು ಸಲ ಬರೆದೆ. ರಾತ್ರಿ ಹನ್ನೆರಡೂವರೆಗೆ ಯಂತ್ರದ ರಾಜ ಕಟ್ಟಿಬಿದ್ದ. ಆಟವನ್ನು ಉಳಿಸಿ ತೆರೆದು ನೋಡಿದೆ. ಹಿಂದಕ್ಕೆ ತೆಗೆದ ಒಂದು ನಡೆಯೂ ಅದರಲ್ಲಿರಲಿಲ್ಲ. ಓದಿದವರಿಗೆ ಮೊದಲಿನಿಂದ ಕೊನೆಯವರೆಗೆ ನಾನು ಬಹಳ ಜಾಣತನದಿಂದ ಆಡಿದ ಹಾಗೇ ಕಾಣಿಸುತ್ತಿತ್ತು.

ಮರುದಿನ ತರಗತಿಯಲ್ಲಿ ಮಾತಿನ ಮಧ್ಯೆ ಹೇಳಿದೆ: "ನಿನ್ನೆ ರಾತ್ರಿ ನಾನು ಕಂಪ್ಯೂಟರ್‌ನ ಸೋಲಿಸಿದೆ." ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹುಡುಗ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಎರಡು ವಾರದ ಮೇಲೆ ನೋಡಿದರೆ ಅವನು ಕಂಪ್ಯೂಟರ್ ಕೋಣೆಗೆ ಬರುವುದನ್ನೇ ಬಿಟ್ಟಿದ್ದ. ಅವನ ಓಣಿಯ ಹುಡುಗಿಯೊಬ್ಬಳನ್ನು ಕೇಳಿದೆ. ಅವಳು ಅವನ ಮಾತನ್ನು ಹಾಗೇ ಒಪ್ಪಿಸಿದಳು: "ಮೇಡಂ ಒಂದ ರಾತ್ರ್ಯಾಗ ಗೆದ್ದಾರ, ನಾ ಇಷ್ಟ ದಿನದಾಗ ಒಮ್ಮಿಭೀ ಗೆದ್ದಿಲ್ಲ, ನನ್ನ ತಲಿಗಿ ಇದು ಹತ್ತಂಗಿಲ್ಲ ಅಂದನ್ರಿ."

ಬಂಧುಗಳೇ, ನಮ್ಮ ಮಕ್ಕಳಿಗೆ 'ನಿನ್ನ ತಲೆಗೆ ಇದು ಹತ್ತುವುದಿಲ್ಲ' ಎಂದು ಹೇಳುವವರು ತಲೆಮಾರುಗಳಿಂದ ಇದ್ದಾರೆ. ಆ ಮಾತು ಸುಳ್ಳು ಎಂದು ತೋರಿಸುವುದಕ್ಕೇ ನಾನು ಟೀಚರ್ ಆದೆ. ಈಗ ಬಾಯಿಬಿಟ್ಟು ಹೇಳದೆಯೇ ಅದೇ ಮಾತನ್ನು ನಾನೇ ಒಂದು ಮಗುವಿಗೆ ಹೇಳಿದ್ದೆ.

*ಆದರೆ ಅದು ಮೋಸವೇ?*

ತಂಗಿಯ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವನು ನಕ್ಕುಬಿಟ್ಟ. "ದೊಡ್ಡವ್ವ, ಅದು ಪ್ರೋಗ್ರಾಂ. ರಿಮೂವ್ ಮಾಡೂದು ಕಳ್ಳತನ ಅಲ್ಲ, ಆಟದಾಗೇ ಕೊಟ್ಟಾರ. ಕಲಿಯೋರಿಗಿ ಅಂತೇ ಇಟ್ಟಾರ. ಅದಕ್ಕೇನ್ ನೋವಾಗ್ತದ?"

ಅವನ ಮಾತನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಯಂತ್ರಕ್ಕೆ ದುಃಖವಿಲ್ಲ. 1950ರಲ್ಲಿ ಕ್ಲಾಡ್ ಶಾನನ್ ಎಂಬ ಗಣಿತಜ್ಞ ಕಂಪ್ಯೂಟರಿಗೆ ಚದುರಂಗ ಆಡಿಸುವ ಬಗೆಯನ್ನು ವಿವರಿಸಿ ಒಂದು ಲೇಖನ ಪ್ರಕಟಿಸಿದ. ಮೊದಲ ನಡೆಗೆ 20 ದಾರಿಗಳು, ಎದುರಾಳಿಯ ಉತ್ತರವೂ ಸೇರಿದರೆ 400, ಹೀಗೆ ಬೆಳೆಯುತ್ತಾ ಒಟ್ಟು ಆಟಗಳ ಸಂಖ್ಯೆ 1ರ ಮುಂದೆ 120 ಸೊನ್ನೆಯಷ್ಟಾಗುತ್ತದೆ ಎಂದು ಅಂದಾಜು ಮಾಡಿದ. ಯಂತ್ರ ಮಾಡುವುದು ಆ ದಾರಿಗಳಲ್ಲಿ ಒಂದಿಷ್ಟನ್ನು ಎಣಿಸಿ, ತೂಗಿ, ಒಂದನ್ನು ಆರಿಸುವ ಕೆಲಸ. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಆರು ಆಟಗಳ ಪಂದ್ಯದಲ್ಲಿ ಸೋಲಿಸಿತು. ಸಂಕಟವಾದದ್ದು ಕಾಸ್ಪರೋವ್ ಅವರಿಗೆ. ಗೆದ್ದ ಯಂತ್ರಕ್ಕೆ ಸಂತೋಷವೂ ಆಗಲಿಲ್ಲ. ಹಾಗಾದರೆ ಅದರ ಮುಂದೆ ನಡೆ ಹಿಂದಕ್ಕೆ ತೆಗೆದರೆ ಯಾರಿಗೆ ಹಿಂಸೆಯಾಯಿತು?

ಯಾರಿಗೂ ಇಲ್ಲ, ಒಪ್ಪುತ್ತೇನೆ. ತಪ್ಪು ನಡೆ ಹಿಂದಕ್ಕೆ ತೆಗೆದು, ಯಾಕೆ ತಪ್ಪಾಯಿತು ಎಂದು ನೋಡಿ, ಬೇರೆ ನಡೆ ನಡೆಸುವುದು ಕಲಿಕೆ. ಮಗು ಸ್ಲೇಟು ಒರೆಸಿ ಮತ್ತೆ ಬರೆಯುವುದನ್ನು ಯಾರೂ ಮೋಸ ಎನ್ನುವುದಿಲ್ಲ. ಎದುರಿಗೆ ಕೂತವರು ಒಪ್ಪಿದರೆ ಕಟ್ಟೆಯ ಮೇಲೂ ಒಂದು ನಡೆ ವಾಪಸ್ ಪಡೆಯಬಹುದು. ಕೀಲಿಮಣೆಯ ಮೇಲೆ ಆರಕ್ಷರ ಒತ್ತಿದ್ದರಲ್ಲಿ ಪಾಪವಿಲ್ಲ.

ಆದರೆ ಬುದ್ಧಧಮ್ಮದಲ್ಲಿ ಕರ್ಮವೆಂದರೆ ಕೈ ಮಾಡಿದ ಕೆಲಸ ಮಾತ್ರವಲ್ಲ, ಅದರ ಹಿಂದಿನ ಚೇತನ, ಅಂದರೆ ಉದ್ದೇಶ. ಆ ರಾತ್ರಿ ನನ್ನ ಉದ್ದೇಶ ಏನಿತ್ತು? ಕಲಿಯುವುದಾಗಿದ್ದರೆ ಪ್ರತಿ ತಪ್ಪಿನ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದೆ. ನಾನು ನಿಲ್ಲಲಿಲ್ಲ. ತಪ್ಪು ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಯಂತ್ರ ನಗಲಿಲ್ಲ, ಆದರೂ ಸೋಲು ಸಹಿಸಲು ಆಗಲಿಲ್ಲ. ಹಾಗಾದರೆ ಯಾರಿಂದ ಮುಚ್ಚಿಟ್ಟೆ? ನನ್ನೊಳಗೆ 'ಎಂ.ಎ. ಮಾಡಿದ, ಎಲ್ಲ ಬಲ್ಲ ಟೀಚರ್' ಎಂಬ ಒಂದು ಬೊಂಬೆ ಇದೆ. ಅದರ ಬಣ್ಣ ಹೋಗದಂತೆ ಕಾಯುತ್ತಿದ್ದೆ. ಅನತ್ತದ ಬಗ್ಗೆ ಭಾನುವಾರದ ಸಭೆಯಲ್ಲಿ ನಾನೇ ಅರ್ಧ ಗಂಟೆ ಮಾತಾಡಿದ್ದೇನೆ. ಕಪ್ಪು ಕಿಟಕಿಯ ಮುಂದೆ ಮಾತ್ರ ಅದು ನೆನಪಿಗೆ ಬರಲಿಲ್ಲ.

ಆಮೇಲೆ ಬಂತು ಮಾತು. ಕೀಲಿ ಒತ್ತಿದಾಗ ಮೋಸ ಇನ್ನೂ ಮನಸ್ಸಿನಲ್ಲಿತ್ತು. ತರಗತಿಯಲ್ಲಿ ಬಾಯಿ ತೆರೆದಾಗ ಅದು ಹೊರಗೆ ಬಂದು ಒಂದು ಮಗುವಿನ ಮೇಲೆ ಬಿತ್ತು. ಇಷ್ಟಾಗಿಯೂ ನಾನು ಹೇಳಿದ ವಾಕ್ಯದಲ್ಲಿ ಒಂದು ಪದವೂ ಸುಳ್ಳಿರಲಿಲ್ಲ! ಕಂಪ್ಯೂಟರನ್ನು ಸೋಲಿಸಿದ್ದು ನಿಜ. ಹನ್ನೊಂದು ನಡೆಗಳನ್ನು ಮಾತ್ರ ಬಿಟ್ಟು ಹೇಳಿದ್ದೆ. ನಾಲ್ಕನೆಯ ಶೀಲ ಮುರಿಯಲು ಸುಳ್ಳು ಪದವೇ ಬೇಕಾಗಿಲ್ಲ, ಕೇಳುವವರ ಮನಸ್ಸಿನಲ್ಲಿ ಸುಳ್ಳು ಚಿತ್ರ ಮೂಡಲಿ ಎಂಬ ಉದ್ದೇಶ ಸಾಕು.

*ರಾಹುಲನಿಗೆ ಹೇಳಿದ ಮಾತು*

ಮಜ್ಝಿಮನಿಕಾಯದ 61ನೆಯದು ಅಂಬಲಟ್ಠಿಕ ರಾಹುಲೋವಾದ ಸುತ್ತ. ಬುದ್ಧರು ರಾಹುಲನಿಗೆ ಸುಳ್ಳಿನ ಬಗ್ಗೆ ಬುದ್ಧಿ ಹೇಳುವ ಸುತ್ತ ಅದು. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಚಕ್ರವರ್ತಿ ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕಾದ ಏಳು ಪಾಠಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ ಉಪದೇಶವೂ ಒಂದು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಸನ್ನತಿಯವರೆಗೂ ಕಲ್ಲಿನ ಮೇಲೆ ಧಮ್ಮ ಬರೆಸಿದ ಅರಸ, ಎಷ್ಟೋ ಸುತ್ತಗಳ ನಡುವೆ ಇದನ್ನೇ ಆರಿಸಿಕೊಂಡ ಎಂದರೆ ಯೋಚಿಸಬೇಕು.

ಆ ಸುತ್ತದಲ್ಲಿ ಯುದ್ಧದ ಆನೆಯ ಒಂದು ಹೋಲಿಕೆ ಬರುತ್ತದೆ. ಪಟ್ಟದ ಆನೆ ಕಾಲು, ದಂತ, ಬಾಲ ಎಲ್ಲವನ್ನೂ ಬಳಸಿ ಹೋರಾಡಿದರೂ ಸೊಂಡಿಲನ್ನು ಮಾತ್ರ ಕಾಪಾಡಿಕೊಳ್ಳುತ್ತಿದ್ದರೆ ಅದಕ್ಕೆ ಇನ್ನೂ ಜೀವದ ಆಸೆ ಇದೆ ಎಂದರ್ಥ. ಸೊಂಡಿಲನ್ನೂ ಬಳಸತೊಡಗಿತೆಂದರೆ ಇನ್ನು ಅದು ಮಾಡದ ಕೆಲಸವಿಲ್ಲ. ಹಾಗೆಯೇ ಗೊತ್ತಿದ್ದೂ ಸುಳ್ಳು ಹೇಳಲು ನಾಚದವನು ಮಾಡದ ಕೆಡುಕಿಲ್ಲ, ಆದ್ದರಿಂದ ತಮಾಷೆಗೂ ಸುಳ್ಳು ಹೇಳದಿರುವುದನ್ನು ಕಲಿ ಎಂದು ಬುದ್ಧರು ಮಗನಿಗೆ ಹೇಳುತ್ತಾರೆ. ಮೊದಲು ಓದಿದಾಗ ಇದು ಅತಿಯಾಯಿತು ಎನಿಸಿತ್ತು, ತಮಾಷೆಯ ಸುಳ್ಳಿಗೆ ಇಷ್ಟು ದೊಡ್ಡ ಆನೆ ಯಾಕೆ ಎಂದು. ಹನ್ನೊಂದು ರಿಮೂವ್ ಆದ ಮೇಲೆ ಅರ್ಥವಾಯಿತು. ಮೊದಲನೆಯದಕ್ಕೆ ನಾಚಿಕೆಯಾಗಿತ್ತು, ಹನ್ನೊಂದನೆಯದಕ್ಕೆ ಆಗಲಿಲ್ಲ.

ಸಿಗಾಲೋವಾದ ಸುತ್ತದಲ್ಲಿ ಜೂಜಿನ ಆರು ಕೇಡುಗಳನ್ನು ಹೇಳುವಾಗ, ಜೂಜುಗಾರನ ಮಾತಿಗೆ ಸಭೆಯಲ್ಲಿ ಬೆಲೆ ಇರುವುದಿಲ್ಲ ಎಂಬುದೂ ಒಂದಾಗಿ ಬರುತ್ತದೆ. ಟೀಚರ್‌ಗೆ ತರಗತಿಯೇ ಸಭೆ, ಮಾತೇ ಬಂಡವಾಳ. ನಾನು ಆಡಿದ್ದು ದುಡ್ಡಿನ ಜೂಜಲ್ಲ. ಆದರೂ ಕಳೆದುಕೊಳ್ಳಲಿದ್ದದ್ದು ಅದನ್ನೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ. ಅದನ್ನು ನಾವು ಪ್ರತಿ ವರ್ಷ ಎದ್ದು ನಿಂತು ಹೇಳುತ್ತೇವೆ.

ರಾಹುಲನಿಗೆ ಬುದ್ಧರು ಕನ್ನಡಿಯನ್ನೂ ತೋರಿಸುತ್ತಾರೆ. ಕೆಲಸ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಮೂರು ಸಲ ನೋಡಿಕೊ ಎನ್ನುತ್ತಾರೆ. ಮೊದಲೇ ಕಂಡರೆ ಮಾಡಬೇಡ. ಮಧ್ಯದಲ್ಲಿ ಕಂಡರೆ ನಿಲ್ಲಿಸು. ಮಾಡಿ ಮುಗಿದ ಮೇಲೆ ಕಂಡರೆ? ಗುರುವಿನ ಮುಂದೆಯೋ ತಿಳಿದ ಸಂಗಾತಿಗಳ ಮುಂದೆಯೋ ತೆರೆದು ತೋರಿಸು, ಮುಂದೆ ಎಚ್ಚರದಿಂದಿರು. ಅಳಿಸು ಎಂದು ಎಲ್ಲೂ ಹೇಳಿಲ್ಲ. ರಿಮೂವ್ ಮಾಡುವುದಕ್ಕೂ ತೆರೆದು ತೋರಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ರಿಮೂವ್ ಮಾಡಿದರೆ ತಪ್ಪು ನಡೆ ಕಾಣೆಯಾಗುತ್ತದೆ. ತೆರೆದು ತೋರಿಸಿದರೆ ಅದು ಹಲಗೆಯ ಮೇಲೇ ಉಳಿಯುತ್ತದೆ, ಅದರ ಮುಂದೆ ಇನ್ನೊಂದು ನಡೆ ಸೇರುತ್ತದೆ.

*ಇನ್ನೊಂದು ನಡೆ*

ಕಳೆದ ಸೋಮವಾರ ತರಗತಿಯಲ್ಲಿ ಹೇಳಿದೆ. ಪಾಠ ಶುರು ಮಾಡುವ ಮೊದಲೇ ಹೇಳಿದೆ, ಇಲ್ಲವಾದರೆ ಹೇಳುತ್ತಿರಲಿಲ್ಲ. ಮೂರು ಸಲ ಸೋತದ್ದು, ನಾಲ್ಕನೆಯ ಆಟದಲ್ಲಿ ಹನ್ನೊಂದು ಸಲ ನಡೆ ಹಿಂದಕ್ಕೆ ತೆಗೆದದ್ದು ಎಲ್ಲ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ಹುಡುಗ ನಗಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ, ಇಡೀ ದಿನ ಮುಖ ಬಿಸಿಯಾಗಿಯೇ ಇತ್ತು.

ಸಂಜೆ ವರಾಂಡದಲ್ಲಿ ಅವನು ಬಂದು ನಿಂತ.

"ಮೇಡಂ, ಹನ್ನೊಂದ ಸಲ ಅಂದ್ರಿ. ಯಾವ ಯಾವ ನಡಿ ಅಂತ ಬರ್ದಿಟ್ಟೀರೇನ್ರಿ?"

"ಇಲ್ಲಪ್ಪ. ಯಂತ್ರದಾಗೂ ಉಳಿದಿಲ್ಲ."

"ಬರ್ದಿಡಬೇಕಿತ್ರಿ. ಎಲ್ಲಿ ತಪ್ಪಾಗ್ಯಾದ ಅಂತ ನೋಡಬಹುದಿತ್ತು."

ಚೀಲದಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದ. ಅವನು ಸೋತ ಹದಿನಾಲ್ಕು ಆಟಗಳೂ ಅದರಲ್ಲಿದ್ದವು. ಒಂದೊಂದು ನಡೆಯೂ ಪೆನ್ಸಿಲಿನಲ್ಲಿ, ಪುಟಕ್ಕೊಂದು ಆಟ, ಕೆಳಗೆ ತಾರೀಖು. ಕೆಲವು ನಡೆಗಳ ಸುತ್ತ ಕೆಂಪು ಗೆರೆ. "ಇಲ್ಲಿಂದ ಕೆಡ್ತದ್ರಿ ನಂದು" ಎಂದ.

ನನ್ನ ಗೆದ್ದ ಆಟಕ್ಕಿಂತ ಅವನ ಸೋತ ಆಟಗಳು ಎಷ್ಟು ಶ್ರೀಮಂತವಾಗಿದ್ದವು ಎಂದು ನಾನು ವರ್ಣಿಸಬೇಕಾಗಿಲ್ಲ. ತಪ್ಪನ್ನು ಇಟ್ಟುಕೊಂಡವನ ಕೈಯಲ್ಲಿ ಕಲಿಯಲು ಏನೋ ಇತ್ತು, ಅಳಿಸಿದವಳ ಕೈಯಲ್ಲಿ ಏನೂ ಇರಲಿಲ್ಲ. ಕ್ಷಮಿಸು ಎಂದೆ. ಅವನು ಅದಕ್ಕೆ ಏನೂ ಹೇಳಲಿಲ್ಲ. "ಮೊದಲ ಹೇಳಬೇಕಿತ್ರಿ" ಎಂದಷ್ಟೇ ಅಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡ. ಅವನು ಕೋಣೆಗೆ ಬಾರದೆ ಹೋದ ಎರಡು ವಾರಗಳನ್ನು ಹಿಂದಕ್ಕೆ ಕೊಡಲು ನನ್ನ ಹತ್ತಿರ ಯಾವ ಆಜ್ಞೆಯೂ ಇಲ್ಲ.

ಗುರುವಾರ ಅವನು ಮತ್ತೆ ಕೋಣೆಗೆ ಬಂದ. ಸೋತ. ಬರೆದುಕೊಂಡ. ಅವನ ಪಕ್ಕದ ಯಂತ್ರದಲ್ಲಿ ನಾನೂ ಆಡಿದೆ. ನಾನೂ ಸೋತೆ. ನನ್ನ ಹತ್ತಿರವೂ ಈಗ ಒಂದು ನೋಟ್‌ಬುಕ್ ಇದೆ.

*ಇಂದಿನ ಅಭ್ಯಾಸ:* ಇವತ್ತು ಯಾರಿಗಾದರೂ ನಿಮ್ಮ ಗೆಲುವಿನ ಕಥೆ ಹೇಳುವಾಗ, ಬಿಟ್ಟು ಹೇಳುತ್ತಿರುವ ಒಂದು ನಡೆ ಯಾವುದು ಎಂದು ಮನಸ್ಸಿನಲ್ಲೇ ನೋಡಿಕೊಳ್ಳಿ. ಸಾಧ್ಯವಾದರೆ ಅದನ್ನೂ ಸೇರಿಸಿ ಹೇಳಿ. ಮನೆಯಲ್ಲಿ ಕೇಳುವ ಮಗುವೊಂದಿದ್ದರೆ ತಪ್ಪದೇ ಸೇರಿಸಿ.

ಭಾನುವಾರದ ಸಭೆಯಲ್ಲಿ ರಾಹುಲೋವಾದ ಸುತ್ತವನ್ನು ಪೂರ್ತಿ ಓದೋಣ. ಭಿನ್ನಾಭಿಪ್ರಾಯ ಇದ್ದವರು ಅಲ್ಲಿ ಹೇಳಿ, ತಂಗಿಯ ಮಗನನ್ನೂ ಕರೆತರುತ್ತೇನೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ.